ಹೊರುವ ಹೆಗಲಿಗೆ ಲೆಕ್ಕದ ಹಕ್ಕೂ ಬೇಕು

ಗಬ್ಬೂರು, ದೇವದುರ್ಗ, ಮಾನ್ವಿ ಕಡೆಯ ಮನೆಗಳಲ್ಲಿ ಪಿಯುಸಿ ಮುಗಿಸಿದ ಮಗನೋ ಮಗಳೋ ‘ಲಾಜಿಸ್ಟಿಕ್ಸ್ ಓದುತ್ತೇನೆ’ ಎಂದರೆ ಮನೆಯವರಿಗಿಂತ ಮೊದಲು ಊರವರು ಬೇಡ ಎನ್ನುತ್ತಾರೆ. ಕಟ್ಟೆಯ ಮೇಲೆ, ಮದುವೆ ಮನೆಯಲ್ಲಿ, ಬಸ್ ನಿಲ್ದಾಣದಲ್ಲಿ ಕೇಳಿಬರುವ ಆಕ್ಷೇಪಗಳು ಹೆಚ್ಚುಕಡಿಮೆ ಆರು. ಅವನ್ನು ಎತ್ತುವವರು ಮಕ್ಕಳ ವೈರಿಗಳಲ್ಲ. ಅನುಭವ ಕಂಡವರು, ಸೋತ ಮಕ್ಕಳನ್ನು ನೋಡಿದವರು. ಅದಕ್ಕೇ ಅವರ ಮಾತನ್ನು ತಳ್ಳಿಹಾಕದೆ ಒಂದೊಂದಾಗಿ ಉತ್ತರಿಸುವುದು ನ್ಯಾಯ.

ನನ್ನ ನಿಲುವು ಇಷ್ಟು. ರಾಯಚೂರು ಜಿಲ್ಲೆ ಭತ್ತ, ಹತ್ತಿ, ಮೆಣಸಿನಕಾಯಿ, ತೊಗರಿಯನ್ನು ಹೊರಗೆ ಕಳಿಸುತ್ತದೆ. ಶಕ್ತಿನಗರದ ವಿದ್ಯುತ್ತು, ಹಟ್ಟಿಯ ಚಿನ್ನ ಕೂಡ ಇಲ್ಲಿಂದಲೇ ಹೋಗುತ್ತವೆ. ಬೆಳೆಯುವವರು ನಾವು, ಬಿಡಿಸುವವರು ನಾವು, ಹೊರುವವರು ನಾವು. ಆದರೆ ಯಾವ ಮಾಲು ಯಾವಾಗ ಎಲ್ಲಿಗೆ ಹೋಗಬೇಕು, ಎಷ್ಟು ದಿನ ಗೋದಾಮಿನಲ್ಲಿ ಇರಬೇಕು, ಯಾವ ದಾರಿಯಲ್ಲಿ ಎಷ್ಟು ಖರ್ಚಿಗೆ ತಲುಪಬೇಕು ಎಂಬ ತೀರ್ಮಾನದಲ್ಲಿ ನಮ್ಮ ಮಕ್ಕಳ ಪಾಲು ತೀರ ಕಡಿಮೆ. ಆ ತೀರ್ಮಾನದ ವಿದ್ಯೆಗೇ ಸರಕು ಸಾಗಣೆ ಮತ್ತು ಪೂರೈಕೆ ಸರಪಳಿ ನಿರ್ವಹಣೆ ಎಂದು ಹೆಸರು. ಅದನ್ನು ನಮ್ಮ ಮಕ್ಕಳು ಕಲಿಯಲೇಬೇಕು.

ಒಂದನೆಯ ಆಕ್ಷೇಪ: ‘ಲಾರಿ ತುಂಬಾಕ ಡಿಗ್ರಿ ಯಾಕ ಬೇಕು?’

ಲಾರಿ ತುಂಬುವ ಕೆಲಸ ಕೀಳಲ್ಲ, ಅದು ಮೊದಲು ಸ್ಪಷ್ಟವಾಗಲಿ. ರಾಯಚೂರಿನ ರಾಜೇಂದ್ರ ಗಂಜ್ ಮಾರುಕಟ್ಟೆ ನಡೆಯುತ್ತಿರುವುದೇ ಹಮಾಲರ ಬೆನ್ನಿನ ಮೇಲೆ. ಆದರೆ ಸಾಗಣೆ ಎಂದರೆ ಲಾರಿ ತುಂಬುವುದಷ್ಟೇ ಎಂದು ತಿಳಿದವರು ಮಾನ್ವಿಯ ಹೊಲದಿಂದ ಹೊರಟ ನೆಲ್ಲಿನ ದಾರಿಯನ್ನು ಒಮ್ಮೆ ಹಿಂಬಾಲಿಸಬೇಕು.

ಬೆಂಬಲ ಬೆಲೆಗೆ ಕೊಡಬೇಕಾದರೆ ಭತ್ತದಲ್ಲಿ ತೇವಾಂಶ ಶೇ. 17 ಮೀರಬಾರದು. ಕೊಯ್ಲಿನ ಹೊತ್ತಿಗೆ ಮಳೆ ಬಿದ್ದರೆ ಎಲ್ಲಿ ಒಣಗಿಸುವುದು, ಎಷ್ಟು ದಿನ ಕಾಯುವುದು ಎಂದು ಯಾರಾದರೂ ಮೊದಲೇ ಯೋಚಿಸಿರಬೇಕು. ಸರ್ಕಾರಿ ಲೆಕ್ಕದಲ್ಲಿ ನೂರು ಕಿಲೋ ಭತ್ತಕ್ಕೆ 67 ಕಿಲೋ ಅಕ್ಕಿ. ಉಳಿದ ನುಚ್ಚು, ತೌಡು, ಹೊಟ್ಟಿಗೆ ಬೇರೆ ಬೇರೆ ಗಿರಾಕಿ, ಬೇರೆ ಬೇರೆ ಬಾಡಿಗೆ. ಅಕ್ಕಿ ಚೀಲದ ತೂಕದ ಹಿಂದೆಯೂ ತೀರ್ಮಾನವಿದೆ. 2022ರ ಜುಲೈ 18ರಿಂದ ಲೇಬಲ್ ಹಚ್ಚಿ ಕಟ್ಟಿದ 25 ಕಿಲೋವರೆಗಿನ ಅಕ್ಕಿಗೆ ಶೇ. 5 ಜಿಎಸ್‌ಟಿ ಬಂತು. ಕೂಡಲೇ ಪೇಟೆಯಲ್ಲಿ 26 ಕಿಲೋ ಚೀಲ ಕಾಣಿಸಿಕೊಂಡಿತು. ಚೀಲ ಬದಲಾದರೆ ಹೊಲಿಗೆ, ಅಟ್ಟಿಯ ಎತ್ತರ, ಲಾರಿಯ ಲೋಡು, ಅಂಗಡಿಯ ಬಿಲ್ಲು ಎಲ್ಲವೂ ಬದಲಾಗುತ್ತವೆ. ಮರುವರ್ಷ, 2023ರ ಜುಲೈ 20ರಂದು, ಬಾಸುಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ಕೇಂದ್ರ ಸರ್ಕಾರ ನಿಷೇಧಿಸಿತು. ಅದು ತೆರವಾದದ್ದು 2024ರ ಸೆಪ್ಟೆಂಬರ್ ಕೊನೆಗೆ. ಇಂಥ ಆದೇಶ ಬಂದ ದಿನ ದಾರಿಯಲ್ಲಿರುವ ಲಾರಿಯನ್ನು ಎಲ್ಲಿಗೆ ತಿರುಗಿಸಬೇಕು, ಗೋದಾಮಿನ ದಾಸ್ತಾನನ್ನು ಯಾವ ಪೇಟೆಗೆ ಬಿಡಬೇಕು ಎಂದು ಹೇಳಲು ಕಲಿತ ತಲೆ ಬೇಕು.

ಹತ್ತಿಯದೂ ಹಾಗೆಯೇ. ಭಾರತೀಯ ಹತ್ತಿ ನಿಗಮಕ್ಕೆ ಪೂರ್ತಿ ಬೆಂಬಲ ಬೆಲೆಯಲ್ಲಿ ಕೊಡಲು ತೇವಾಂಶ ಶೇ. 8ರೊಳಗಿರಬೇಕು. ಶೇ. 12ರವರೆಗೆ ಬೆಲೆ ಕಡಿತ, ಅದನ್ನೂ ಮೀರಿದರೆ ಮಾಲು ವಾಪಸ್. ಜಿನ್ನಿಂಗ್ ಮಿಲ್ಲಿನ ಮುಂದೆ ಟ್ರ್ಯಾಕ್ಟರ್ ಸಾಲು ನಿಂತು ರಾತ್ರಿ ಇಬ್ಬನಿ ಬಿದ್ದರೆ ರೈತನ ದುಡ್ಡು ಸಾಲಿನಲ್ಲೇ ಕರಗುತ್ತದೆ. ಯಾವ ಹಳ್ಳಿಯ ಹತ್ತಿ ಯಾವ ದಿನ ಬರಬೇಕೆಂದು ಸರದಿ ಹಾಕಿ ಆ ಸಾಲನ್ನು ಕರಗಿಸುವುದು ಸರಪಳಿ ನಿರ್ವಹಣೆಯ ಮೊದಲ ಪಾಠ. ಮುಂದೆ 170 ಕಿಲೋದ ಬೇಲ್ ಆಗಿ ಹೊರಟ ಹತ್ತಿಗೆ ಇ-ವೇ ಬಿಲ್ ಬೇಕು. ಅದರ ಅವಧಿ 200 ಕಿಲೋಮೀಟರಿಗೆ ಒಂದು ದಿನ. ಲಾರಿ ಕೆಟ್ಟು ನಿಂತು ಅವಧಿ ಮುಗಿದರೆ ದಂಡ ಬೀಳುವುದು ಕಾಗದ ನೋಡಿಕೊಳ್ಳದ ಮಾಲೀಕನಿಗೆ.

ಶಕ್ತಿನಗರಕ್ಕೆ ಬನ್ನಿ. ರಾಯಚೂರು ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಸಾಮರ್ಥ್ಯ 1,720 ಮೆಗಾವಾಟ್. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಎಂದುಕೊಂಡರೂ ಎಲ್ಲ ಘಟಕ ನಡೆದಾಗ ದಿನಕ್ಕೆ 28 ಸಾವಿರ ಟನ್ನಿಗೂ ಹೆಚ್ಚು ಬೇಕು. ಒಂದು ರೇಕಿನಲ್ಲಿ, ಅಂದರೆ ಒಂದು ಗೂಡ್ಸ್ ರೈಲಿನಲ್ಲಿ, ಬರುವುದು ನಾಲ್ಕು ಸಾವಿರ ಟನ್ನಿನ ಆಸುಪಾಸು. ಅಂದರೆ ದಿನಕ್ಕೆ ಏಳು ರೇಕು ಬಂದು, ಖಾಲಿಯಾಗಿ, ಹೊರಡಬೇಕು. 2021ರ ಅಕ್ಟೋಬರ್‌ನಲ್ಲಿ ದೇಶದ ತುಂಬ ಕಲ್ಲಿದ್ದಲು ಕೊರತೆಯಾದಾಗ ಇಲ್ಲಿಯೂ ಘಟಕಗಳು ನಿಂತವು. ಯಂತ್ರ ಸರಿಯಿತ್ತು, ಎಂಜಿನಿಯರರೂ ಇದ್ದರು, ಬರಬೇಕಾದ ಕಲ್ಲಿದ್ದಲು ಬರಲಿಲ್ಲ. ಸಾಗಣೆಯನ್ನು ಕೂಲಿ ಕೆಲಸವೆಂದು ಬದಿಗಿಡುವವರಿಗೆ ಆ ತಿಂಗಳೇ ಉತ್ತರ.

ಲಾರಿಯಿಂದಲೇ ಆರಂಭಿಸಿ ದೊಡ್ಡದನ್ನು ಕಟ್ಟಿದವರೂ ಇದ್ದಾರೆ. ಗದಗಿನ ವಿಜಯ ಸಂಕೇಶ್ವರರು 1976ರಲ್ಲಿ ಒಂದು ಲಾರಿಯಿಂದ ಶುರುಮಾಡಿದ ಸಾಗಣೆ ಕಂಪನಿ ವಿಆರ್‌ಎಲ್ 2015ರಲ್ಲಿ ಷೇರುಪೇಟೆಗೆ ಬಂತು. ಅಮೆರಿಕದ ಲಾರಿ ಮಾಲೀಕ ಮಾಲ್ಕಮ್ ಮೆಕ್ಲೀನ್ 1956ರಲ್ಲಿ 58 ಕಂಟೇನರುಗಳನ್ನು ಹಡಗಿಗೇರಿಸಿ ಜಗತ್ತಿನ ವ್ಯಾಪಾರದ ರೀತಿಯನ್ನೇ ಬದಲಿಸಿದ. ಇಬ್ಬರೂ ಲಾರಿಯನ್ನು ನೋಡಿದ್ದು ಲೆಕ್ಕದ ಕಣ್ಣಿನಿಂದ.

ಎರಡನೆಯ ಆಕ್ಷೇಪ: ‘ಸರ್ಕಾರಿ ನೌಕರಿಯೇ ನೌಕರಿ. ನಮಗೆ 371ಜೆ ಐತಿ.’

371ಜೆ ನಮಗೆ ಯಾರೋ ಕೊಟ್ಟ ಭಿಕ್ಷೆಯಲ್ಲ. ದಶಕಗಳ ಹೋರಾಟದ ಫಲವಾಗಿ 2012ರಲ್ಲಿ ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಮೀಸಲಾತಿಯ ಹಕ್ಕು. ಅದನ್ನು ಬಳಸಿಕೊಳ್ಳಿ ಎಂದೇ ನಾನೂ ಹೇಳುತ್ತೇನೆ. ಆದರೆ ಸರ್ಕಾರಿ ಕೆಲಸ ಮತ್ತು ಲಾಜಿಸ್ಟಿಕ್ಸ್ ಬೇರೆ ಬೇರೆ ಎಂಬ ತಿಳಿವಳಿಕೆ ತಪ್ಪು.

ಸರ್ಕಾರ ತಾನೇ ದೇಶದ ದೊಡ್ಡ ಸಾಗಣೆದಾರ. 1965ರಲ್ಲಿ ಹುಟ್ಟಿದ ಭಾರತೀಯ ಆಹಾರ ನಿಗಮ, 1957ರ ಕೇಂದ್ರ ಉಗ್ರಾಣ ನಿಗಮ, ಕರ್ನಾಟಕ ರಾಜ್ಯ ಉಗ್ರಾಣ ನಿಗಮ, ಆಹಾರ ಮತ್ತು ನಾಗರಿಕ ಸರಬರಾಜು ನಿಗಮ, ರೈಲ್ವೆಯ ಸರಕು ವಿಭಾಗ, 1988ರಲ್ಲಿ ಸ್ಥಾಪನೆಯಾದ ಕಂಟೇನರ್ ಕಾರ್ಪೊರೇಷನ್ ಇವೆಲ್ಲ ಮಾಡುವುದು ಇದೇ ಕೆಲಸ. ಅನ್ನಭಾಗ್ಯದ ಅಕ್ಕಿ ಗಬ್ಬೂರಿನ ನ್ಯಾಯಬೆಲೆ ಅಂಗಡಿಗೆ ತಿಂಗಳಿಗೆ ಸರಿಯಾಗಿ ಬಂದರೆ ಅದರ ಹಿಂದೆ ಡಿಪೊ, ತಾಲ್ಲೂಕು ಗೋದಾಮು, ಸಾಗಣೆ ಗುತ್ತಿಗೆ, ತೂಕದ ಚೀಟಿ ಎಲ್ಲವೂ ಇವೆ. 2023ರ ಜುಲೈಯಲ್ಲಿ ಹೆಚ್ಚುವರಿ ಐದು ಕಿಲೋ ಅಕ್ಕಿ ಹೊಂದಿಸಲಾಗದೆ ರಾಜ್ಯ ಸರ್ಕಾರ ತಲೆಗೆ 170 ರೂಪಾಯಿ ಹಣ ಹಾಕಬೇಕಾಗಿ ಬಂತು. ಅಕ್ಕಿ ಎಲ್ಲಿಂದ ತರುವುದು ಎಂಬ ಒಂದು ಪ್ರಶ್ನೆ ಇಡೀ ರಾಜ್ಯದ ರಾಜಕೀಯವಾಯಿತು.

ಪರೀಕ್ಷೆ ಬರೆಯುವ ಮಕ್ಕಳು ಬರೆಯಲಿ. ಅಧಿಸೂಚನೆ ಬರಲು, ಫಲಿತಾಂಶ ಬರಲು, ಕೋರ್ಟಿನ ತಡೆ ತೆರವಾಗಲು ಕಾಯುವ ವರ್ಷಗಳಲ್ಲಿ ಕೈಯಲ್ಲಿ ಒಂದು ವಿದ್ಯೆ ಇದ್ದರೆ ಆ ಮಗು ಮನೆಗೆ ಭಾರವೆಂದು ಕುಗ್ಗುವುದಿಲ್ಲ. ಓದಿದ ಓದು ಆಹಾರ ನಿಗಮಕ್ಕೂ ಆಗುತ್ತದೆ, ಖಾಸಗಿ ಗೋದಾಮಿಗೂ ಆಗುತ್ತದೆ.

ಮೂರನೆಯ ಆಕ್ಷೇಪ: ‘ಗಬ್ಬೂರಾಗ ಕೆಲಸ ಎಲ್ಲೈತಿ? ಮತ್ತ ಗುಳೆ ಹೋಗೋದ ಆತಲ್ಲ.’

ಆರರಲ್ಲಿ ಹೆಚ್ಚು ತೂಕದ ಮಾತು ಇದು. ಗುಳೆಯ ನೋವು ಗೊತ್ತಿರುವ ಊರಿನವರು ಮಾತ್ರ ಕೇಳಬಹುದಾದ ಪ್ರಶ್ನೆ. ಸುಗ್ಗಿ ಮುಗಿದ ಮೇಲೆ ಮನೆಗೆ ಬೀಗ ಹಾಕಿ, ಮಕ್ಕಳನ್ನು ಶಾಲೆ ಬಿಡಿಸಿ, ಬೆಂಗಳೂರು, ಹೈದರಾಬಾದ್, ಪುಣೆಯ ಕಟ್ಟಡಗಳಿಗೆ ಹೋದ ಕುಟುಂಬಗಳು ದೇವದುರ್ಗ ತಾಲ್ಲೂಕಿನಲ್ಲಿ ಕಡಿಮೆಯಿಲ್ಲ. ಆದ್ದರಿಂದ ಇದ್ದದ್ದನ್ನು ಇದ್ದಂತೆಯೇ ಹೇಳುತ್ತೇನೆ. ಲಾಜಿಸ್ಟಿಕ್ಸ್ ಓದಿದವರಿಗೆ ಮೊದಲ ಕೆಲಸ ಹೆಚ್ಚಾಗಿ ಹೊರಗೇ ಸಿಗುತ್ತದೆ. ನೆಲಮಂಗಲ, ಹೊಸಕೋಟೆಯ ದೊಡ್ಡ ಗೋದಾಮುಗಳು, ಹೈದರಾಬಾದಿನ ಸುತ್ತಲಿನವು, ಮುಂಬೈ, ಚೆನ್ನೈ ಬಂದರುಗಳು ಕಲಿಯುವ ಜಾಗಗಳು. ಆದರೆ ಗುಳೆ ಹೋದವರು ಮರಳಿ ಬರುವಾಗ ತಂದದ್ದು ಸಾಲ ತೀರಿಸಿದ ರಸೀದಿ ಮಾತ್ರ. ಈ ಮಕ್ಕಳು ಮರಳಿ ಬರುವಾಗ ಒಂದು ಕಸುಬನ್ನೇ ತರುತ್ತಾರೆ, ಅದಕ್ಕೆ ಇಲ್ಲಿ ಕೆಲಸ ಕಾದಿದೆ.

ಏನೇನು ಕಾದಿದೆ? ರಾಯಚೂರು, ಮಾನ್ವಿ, ಸಿಂಧನೂರಿನ ಅಕ್ಕಿ ಗಿರಣಿಗಳು. ಜಿನ್ನಿಂಗ್, ಪ್ರೆಸ್ಸಿಂಗ್ ಮಿಲ್ಲುಗಳು. ಶಕ್ತಿನಗರ ಮತ್ತು ಯರಮರಸ್ ವಿದ್ಯುತ್ ಸ್ಥಾವರಗಳು. ಹಟ್ಟಿ ಚಿನ್ನದ ಗಣಿಯ ಸಾಮಗ್ರಿ ಖರೀದಿ. ಬಿತ್ತನೆ ಬೀಜ, ಗೊಬ್ಬರದ ವಿತರಣೆ. ರೈತ ಉತ್ಪಾದಕ ಕಂಪನಿಗಳು. ಇವುಗಳಲ್ಲಿ ಎಷ್ಟೋ ಕಡೆ ಸಾಗಣೆ ಇಂದಿಗೂ ಫೋನಿನ ಮೇಲೆ, ಪರಿಚಯದ ಮೇಲೆ, ಅಂದಾಜಿನ ಮೇಲೆ ನಡೆಯುತ್ತದೆ. ಮರಳುವಾಗ ಖಾಲಿ ಬರುವ ಲಾರಿಗೆ ಲೋಡು ಹುಡುಕಿಕೊಡುವ ಒಬ್ಬ ಜಾಣ ಯುವಕ ತನ್ನ ಸಂಬಳವನ್ನು ತಾನೇ ಗಳಿಸಿಕೊಡುತ್ತಾನೆ.

ಮೆಣಸಿನಕಾಯಿಯ ಉದಾಹರಣೆ ನೋಡಿ. ಬ್ಯಾಡಗಿ ಮಾರುಕಟ್ಟೆಗೆ ಬರುವ ಕಾಯಿಯಲ್ಲಿ ದೊಡ್ಡ ಪಾಲು ಬಳ್ಳಾರಿ, ರಾಯಚೂರು, ಕರ್ನೂಲು ಕಡೆಯದು. ಶೀತಲ ಗೃಹಗಳ ದೊಡ್ಡ ಸಾಲು ಇರುವುದು ಬ್ಯಾಡಗಿಯಲ್ಲಿ. 2024ರ ಮಾರ್ಚ್ 11ರಂದು ಅಲ್ಲಿ ಆವಕ ಉಕ್ಕಿ ಬೆಲೆ ಕುಸಿದಾಗ ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದು ಸರಿಯಲ್ಲ. ಆದರೆ ನೂರಾರು ಕಿಲೋಮೀಟರ್ ಬಾಡಿಗೆ ಕೊಟ್ಟು ಹೋದವನು ಬೆಲೆ ಬಿದ್ದರೂ ಚೀಲ ವಾಪಸ್ ತರಲಾರ. ಕಾಯುವ ಶಕ್ತಿ ಇರುವುದು ಗೋದಾಮು ಇದ್ದವನಿಗೆ. ಆ ಶಕ್ತಿ ರೈತನ ಊರ ಹತ್ತಿರಕ್ಕೆ ಬರಬೇಕಾದರೆ ಇಲ್ಲಿ ಗೋದಾಮು ಬೇಕು, ಗೋದಾಮು ನಡೆಸಬಲ್ಲವರು ಬೇಕು. ಉಗ್ರಾಣ ಅಭಿವೃದ್ಧಿ ಮತ್ತು ನಿಯಂತ್ರಣ ಕಾಯ್ದೆ 2007ರಲ್ಲೇ ಬಂದಿದೆ. ನೋಂದಾಯಿತ ಗೋದಾಮಿನಲ್ಲಿ ತೊಗರಿಯನ್ನೋ ಮೆಣಸಿನಕಾಯಿಯನ್ನೋ ಇಟ್ಟು, ಆ ರಸೀದಿಯ ಮೇಲೆ ಬ್ಯಾಂಕಿನಲ್ಲಿ ಸಾಲ ಪಡೆದು, ಬೆಲೆ ಬಂದಾಗ ಮಾರುವ ದಾರಿಯಿದೆ. ಗುಣಮಟ್ಟ ಅಳೆದು, ಕೀಟ ತಡೆದು, ರಸೀದಿ ಕೊಡುವ ತರಬೇತಾದ ಕೈಗಳು ಇಲ್ಲದ ಕಡೆ ಆ ಕಾಯ್ದೆ ಕಾಗದದಲ್ಲೇ ಉಳಿಯುತ್ತದೆ.

ದಾರಿಗಳೂ ನಮ್ಮ ಕಡೆ ತಿರುಗುತ್ತಿವೆ. ಮುಂಬೈ ಕಡೆಯಿಂದ ಬಂದ ರೈಲುಹಳಿ ಮದ್ರಾಸಿನ ಹಳಿಯನ್ನು ಕೂಡಿದ್ದು 1871ರಲ್ಲಿ, ನಮ್ಮ ರಾಯಚೂರಿನಲ್ಲೇ. 2013ರಲ್ಲಿ ಗದ್ವಾಲ ಹಳಿ ಸೇರಿತು. 1997-98ರಲ್ಲಿ ಮಂಜೂರಾದ ಮುನಿರಾಬಾದ್–ಮಹಬೂಬನಗರ ಮಾರ್ಗ 2024ಕ್ಕೆ ಸಿಂಧನೂರು ಮುಟ್ಟಿದೆ, ಮುಂದೆ ಮಾನ್ವಿ. ಸೂರತ್–ಚೆನ್ನೈ ಆರ್ಥಿಕ ಕಾರಿಡಾರ್ ನಮ್ಮ ಜಿಲ್ಲೆಯ ಮೂಲಕವೇ ಹಾಯುತ್ತದೆ. ದೇವದುರ್ಗಕ್ಕೆ ರೈಲು ಇಲ್ಲ ನಿಜ. ಅದಕ್ಕೇ ರಸ್ತೆ ಸಾಗಣೆಯ ಲೆಕ್ಕ ನಮಗೆ ಇನ್ನೂ ಹೆಚ್ಚು ಬೇಕು. ರಸ್ತೆ ಬಂದಾಗ ಅದರ ಪಕ್ಕ ಗೋದಾಮು ಏಳುತ್ತವೆ. ನಮ್ಮ ಮಕ್ಕಳು ಕಲಿತಿರದಿದ್ದರೆ ಅಲ್ಲಿ ಕಾವಲುಗಾರರು ನಮ್ಮವರು, ಮ್ಯಾನೇಜರು ಹೊರಗಿನವರು. ಶಕ್ತಿನಗರ ಕಂಡ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾಲ್ಕನೆಯ ಆಕ್ಷೇಪ: ‘ಹೆಣ್ಮಕ್ಕಳಿಗೆ ಇದು ಒಗ್ಗಂಗಿಲ್ಲ.’

ಹತ್ತಿ ಬಿಡಿಸುವವರು ಯಾರು? ಮೆಣಸಿನಕಾಯಿ ಆಯುವವರು, ತೊಟ್ಟು ಬಿಡಿಸುವವರು ಯಾರು? ಭತ್ತದ ನಾಟಿ ಯಾರದು? ಸರಪಳಿಯ ಮೊದಲ ಕೊಂಡಿ ಬಹುಪಾಲು ಹೆಣ್ಣುಮಕ್ಕಳ ಕೈಯಲ್ಲಿದೆ. ಬಿಸಿಲಿನಲ್ಲಿ ದಿನಗೂಲಿಗೆ ಒಗ್ಗುವ ಮಗಳು ನೆರಳಿನಲ್ಲಿ ಕೂತು ದಾಸ್ತಾನಿನ ಲೆಕ್ಕ ಬರೆಯಲು ಒಗ್ಗುವುದಿಲ್ಲ ಎಂದರೆ ಆ ಮಾತಿಗೆ ಕಾರಣವಿಲ್ಲ. ದಾಸ್ತಾನು ನಿರ್ವಹಣೆ, ಖರೀದಿ, ಬೇಡಿಕೆಯ ಅಂದಾಜು, ರಫ್ತು ಕಾಗದಪತ್ರ, ಗಾಡಿಗಳ ಮೇಲ್ವಿಚಾರಣೆ ಎಲ್ಲವೂ ತಲೆ ಮತ್ತು ತಾಳ್ಮೆ ಕೇಳುವ ಕೆಲಸಗಳು.

ರಾತ್ರಿ ಪಾಳಿಯ ಆತಂಕ ಮಾತ್ರ ಸುಳ್ಳಲ್ಲ. ಕರ್ನಾಟಕ ಸರ್ಕಾರ 2019ರ ನವೆಂಬರ್‌ನಲ್ಲಿ ಕಾರ್ಖಾನೆಗಳಲ್ಲಿ ಮಹಿಳೆಯರ ರಾತ್ರಿ ಪಾಳಿಗೆ ಒಪ್ಪಿಗೆ ಕೊಟ್ಟಾಗ ಸುರಕ್ಷತೆಯ ಷರತ್ತುಗಳನ್ನು ಹಾಕಿತು. ಆ ಷರತ್ತು ಪಾಲಿಸುವುದು ಮಾಲೀಕನ ಜವಾಬ್ದಾರಿ, ಪಾಲಿಸುವಂತೆ ನೋಡುವುದು ಇಲಾಖೆಯ ಜವಾಬ್ದಾರಿ. ಅವರು ತಪ್ಪಿದರೆ ಅವರನ್ನು ಕೇಳಬೇಕು. ಮಗಳ ಓದನ್ನು ನಿಲ್ಲಿಸಿದರೆ ತಪ್ಪು ಅವರದು, ಶಿಕ್ಷೆ ಅವಳದು ಆಗುತ್ತದೆ.

ಐದನೆಯ ಆಕ್ಷೇಪ: ‘ನಾಳೆ ಯಂತ್ರ, ಎಐ ಬಂದು ಎಲ್ಲ ನುಂಗ್ತದ.’

ಈ ಭಯಕ್ಕೆ ನಮ್ಮ ನೆಲದಲ್ಲೇ ಇತಿಹಾಸವಿದೆ. ಲಂಬಾಣಿಗರು ಒಂದು ಕಾಲಕ್ಕೆ ಎತ್ತುಗಳ ಬೆನ್ನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದಖ್ಖನಿನ ಸೈನ್ಯಗಳಿಗೆ, ಸಂತೆಗಳಿಗೆ ಪೂರೈಸುತ್ತಿದ್ದರು. ಕೃಷ್ಣೆ ತುಂಗಭದ್ರೆಯ ನಡುವಿನ ಈ ನೆಲಕ್ಕಾಗಿ ರಾಜರು ಕಾದಾಡಿದ ಕಾಲದಲ್ಲೂ ಸೈನ್ಯ ನಡೆಯುತ್ತಿದ್ದದ್ದು ಇಂಥ ಪೂರೈಕೆಯ ಬಲದ ಮೇಲೆ. ರೈಲು, ರಸ್ತೆ ಬಂದ ಮೇಲೆ ಅವರ ಕಸುಬು ಹೋಯಿತು, ತಾಂಡಾಗಳಲ್ಲಿ ಬಡತನ ನಿಂತಿತು. ಧಾನ್ಯ ಸಾಗುವುದೇನೂ ನಿಲ್ಲಲಿಲ್ಲ, ಮೊದಲಿಗಿಂತ ಹೆಚ್ಚಾಗಿ ಸಾಗಿತು. ಹೊಸ ಸಾಗಣೆಯ ವಿದ್ಯೆಯನ್ನು ಅವರಿಗೆ ಕಲಿಸುವವರಿರಲಿಲ್ಲ. ಅನ್ಯಾಯವಾದದ್ದು ಅಲ್ಲಿ. ಇದರಿಂದ ಕಲಿಯಬೇಕಾದ ಪಾಠ ವಿದ್ಯೆಯಿಂದ ದೂರ ನಿಲ್ಲಿ ಎಂಬುದಲ್ಲ, ಈ ಸಲ ಮೊದಲೇ ಕಲಿಯಿರಿ ಎಂಬುದು.

ಚೀಲ ಎಣಿಸುವ, ಚೀಟಿ ಬರೆಯುವ ಕೆಲಸ ಯಂತ್ರಕ್ಕೆ ಹೋಗುತ್ತದೆ, ಹೋಗಲಿ. ಆದರೆ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ಸಿಗುತ್ತದೋ ಇಲ್ಲವೋ, ಮಾನ್ವಿಯ ಗಿರಣಿಗೆ ಭತ್ತ ಎಷ್ಟು ಬಂದೀತು ಎಂದು ಅಂದಾಜಿಸಲು ಕಾಲುವೆಯನ್ನೂ ರೈತನನ್ನೂ ಬಲ್ಲವರೇ ಬೇಕಿತ್ತು. ಯಂತ್ರ ಹಳೆಯ ಲೆಕ್ಕ ನೋಡಿ ಹೇಳುತ್ತದೆ. ಹೊಸ ಆಪತ್ತನ್ನು ಅದಕ್ಕೆ ತಿಳಿಸುವವರು ಮನುಷ್ಯರು. ಆ ಮನುಷ್ಯರಲ್ಲಿ ನಮ್ಮವರಿರಲಿ.

ಆರನೆಯ ಆಕ್ಷೇಪ: ‘ಕೋರ್ಸ್ ಹೆಸರಲ್ಲಿ ರೊಕ್ಕ ತಿಂತಾರ, ಸಂಬಳನೂ ಕಡಿಮಿ.’

ಇದರಲ್ಲಿ ಅರ್ಧ ನಿಜ. ಬಣ್ಣದ ಜಾಹೀರಾತು ಹಾಕಿ, ‘ನೂರಕ್ಕೆ ನೂರು ಉದ್ಯೋಗ’ ಎಂದು ಬರೆದು, ಲಕ್ಷಗಟ್ಟಲೆ ಶುಲ್ಕ ಕೀಳುವ ಸಂಸ್ಥೆಗಳಿವೆ. ಅವುಗಳ ಪ್ರಚಾರದ ಅಂಕಿಗಳನ್ನೂ ಹಾಗೆಯೇ ನಂಬಬಾರದು. ಭಾರತದ ಸಾಗಣೆ ವೆಚ್ಚ ಜಿಡಿಪಿಯ ಶೇ. 13-14 ಎಂದು ಇಂದಿಗೂ ಹೇಳಿಕೊಂಡು ತಿರುಗುವವರಿದ್ದಾರೆ. ಸಂಶೋಧನಾ ಸಂಸ್ಥೆಯಾದ ಎನ್‌ಸಿಎಇಆರ್ ಮಾಡಿದ ಅಂದಾಜಿನಲ್ಲಿ 2021-22ಕ್ಕೆ ಅದು ಶೇ. 7.8ರಿಂದ 8.9ರ ನಡುವೆ ಇತ್ತು. ಈ ಕ್ಷೇತ್ರದ ಮಹತ್ವ ತೋರಿಸಲು ಹಿಗ್ಗಿಸಿದ ಅಂಕಿ ಬೇಕಾಗಿಯೇ ಇಲ್ಲ.

ಸೇರುವ ಮುನ್ನ ನಾಲ್ಕು ಸಂಗತಿ ಕೇಳಿ. ಪದವಿ ಯಾವ ವಿಶ್ವವಿದ್ಯಾಲಯದ್ದು? ಓದಿನ ಅವಧಿಯಲ್ಲೇ ಕಂಪನಿಯಲ್ಲಿ ಸ್ಟೈಪೆಂಡ್ ಕೊಡುವ ಅಪ್ರೆಂಟಿಸ್ ತರಬೇತಿ ಇದೆಯೇ? ಹಿಂದಿನ ವರ್ಷ ಓದಿದವರು ಈಗ ಎಲ್ಲಿ ಏನು ಮಾಡುತ್ತಿದ್ದಾರೆ? ಎಕ್ಸೆಲ್, ಜಿಎಸ್‌ಟಿ, ದಾಸ್ತಾನು ತಂತ್ರಾಂಶ ಕೈಯಿಂದ ಮಾಡಿಸುತ್ತಾರೆಯೇ? ಉತ್ತರ ತಡವರಿಸಿದರೆ ಎದ್ದು ಬನ್ನಿ. ಕಡಿಮೆ ಖರ್ಚಿನ ದಾರಿಗಳಿವೆ. ರಾಜ್ಯದ ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅಪ್ರೆಂಟಿಸ್‌ಶಿಪ್ ಬೆಸೆದ ಪದವಿಗಳು ಶುರುವಾಗಿವೆ. ವಡೋದರದ ಗತಿಶಕ್ತಿ ವಿಶ್ವವಿದ್ಯಾಲಯ ಕೇಂದ್ರ ಸರ್ಕಾರದ್ದು, ಸಾಗಣೆ ವಿದ್ಯೆಗೆಂದೇ ಇರುವುದು. ಕೆಲಸದಲ್ಲಿದ್ದು ಓದುವವರಿಗೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮೆಟೀರಿಯಲ್ಸ್ ಮ್ಯಾನೇಜ್‌ಮೆಂಟ್‌ನ ಡಿಪ್ಲೊಮಾಗಳಿವೆ.

ಮೊದಲ ಸಂಬಳ ಕಡಿಮೆ ಎಂಬುದು ಹಲವು ಕಡೆ ನಿಜ. ಗೋದಾಮಿನ ನೆಲದ ಮೇಲೆ ನಿಂತು ಕಲಿಯುವ ಮೊದಲ ವರ್ಷಗಳು ಸುಲಭವಲ್ಲ. ಆದರೆ ಒಂದು ಗಿರಣಿಯ ಸಾಗಣೆ ಖರ್ಚನ್ನು, ಹಾಳಾಗುವ ಮಾಲನ್ನು ಕಡಿಮೆ ಮಾಡಿ ತೋರಿಸಿದವನ ಬೆಲೆ ಮಾಲೀಕನ ಪುಸ್ತಕದಲ್ಲಿ ಅಂಕಿಯಾಗಿ ಕಾಣುತ್ತದೆ. ಅಂಥವನು ಸಂಬಳ ಕೇಳುವಾಗ ತನ್ನ ಪ್ರಮಾಣಪತ್ರದ ಜೊತೆಗೆ ಆ ಅಂಕಿಯನ್ನೂ ಮುಂದಿಡಬಲ್ಲ.

ಇಷ್ಟು ಹೇಳಿದ ಮೇಲೆ ಮೂವರಲ್ಲಿ ನನ್ನ ಬೇಡಿಕೆ. ತಂದೆತಾಯಂದಿರೇ, ಮಗ ಅಥವಾ ಮಗಳು ಈ ಓದನ್ನು ಕೇಳಿದರೆ ಬೇಡ ಎನ್ನುವ ಮುನ್ನ ಒಂದು ದಿನ ಅವರನ್ನು ರಾಜೇಂದ್ರ ಗಂಜ್‌ಗೆ, ಒಂದು ಜಿನ್ನಿಂಗ್ ಮಿಲ್ಲಿಗೆ, ರೈಲ್ವೆ ಗೂಡ್ಸ್ ಶೆಡ್ಡಿಗೆ ಕರೆದೊಯ್ಯಿರಿ. ಮಾಲು ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂದು ಮಕ್ಕಳು ಕೇಳಲಿ. ಗಿರಣಿ ಮಾಲೀಕರೇ, ವರ್ಷಕ್ಕೆ ಇಬ್ಬರು ಸ್ಥಳೀಯ ವಿದ್ಯಾರ್ಥಿಗಳಿಗೆ ಅಪ್ರೆಂಟಿಸ್ ಅವಕಾಶ ಕೊಡಿ. ರಾಯಚೂರಿನ ವಿಶ್ವವಿದ್ಯಾಲಯಗಳ ಆಡಳಿತದವರೇ, ಭತ್ತ, ಹತ್ತಿ, ಮೆಣಸಿನಕಾಯಿಯ ಸಾಗಣೆಯನ್ನೇ ಪಠ್ಯವಾಗಿಸಿ ಒಂದು ಪದವಿ ತೆರೆಯಿರಿ, ದೇವದುರ್ಗ ಮತ್ತು ಮಾನ್ವಿಯ ಕಾಲೇಜುಗಳಿಗೂ ಅದನ್ನು ತಲುಪಿಸಿ. ಇಷ್ಟು ವರ್ಷ ಈ ಜಿಲ್ಲೆ ದೇಶಕ್ಕೆ ತನ್ನ ಹೆಗಲು ಕೊಟ್ಟಿದೆ. ಇನ್ನು ಲೆಕ್ಕ ಹಾಕುವವರನ್ನೂ ಕೊಡಬೇಕು, ಆ ಲೆಕ್ಕದಲ್ಲಿ ತನ್ನ ಪಾಲನ್ನೂ ಪಡೆಯಬೇಕು.